ಥಿಂಕ್‌ಪ್ಯಾಡ್ ಪಿ16ರೊಳಗೆ ಸ್ಯಾಮ್‌ಸಂಗ್ 990 ಪ್ರೊ: ಡ್ರೈವ್ ಒಳ್ಳೆಯದೇ, ಕೆಲಸ ಕೆಡುವುದು ಸೆಟಪ್‌ನಲ್ಲಿ

ಸ್ಯಾಮ್‌ಸಂಗ್ 990 ಪ್ರೊ ಎಂಬುದು ಲ್ಯಾಪ್‌ಟಾಪ್‌ನಲ್ಲಿ ಫೈಲ್‌ಗಳನ್ನು ಉಳಿಸಿಡುವ ಎಸ್‌ಎಸ್‌ಡಿ ಡ್ರೈವ್. ಅದರ ಪೆಟ್ಟಿಗೆಯ ಮೇಲೆ ದಪ್ಪಗೆ 7,450 ಅಂತ ಅಚ್ಚಾಗಿದೆ. ಸೆಕೆಂಡಿಗೆ ಅಷ್ಟು ಎಂಬಿ ಓದುತ್ತದೆ ಎಂದು ಅರ್ಥ. ಸುಳ್ಳೇನಲ್ಲ, ಓದುತ್ತದೆ. ಆದರೆ ಇದೇ ಡ್ರೈವಿನ ಡೇಟಾಶೀಟ್‌ನಲ್ಲಿ ಇನ್ನೊಂದು ಅಂಕಿ ಇದೆ, ಅದನ್ನು ಯಾರೂ ಪೆಟ್ಟಿಗೆಯ ಮೇಲೆ ಹಾಕಿಸುವುದಿಲ್ಲ. ಒಂದು ಸಲಕ್ಕೆ ಒಂದೇ ಕೋರಿಕೆ, 4 ಕೆಬಿಯ ಚೂರುಗಳು, ಚೆಲ್ಲಾಪಿಲ್ಲಿ ಜಾಗಗಳಿಂದ ಓದು: ಸೆಕೆಂಡಿಗೆ 22,000 ಸಲ. ಗುಣಿಸಿ ನೋಡಿದರೆ ಸುಮಾರು 90 ಎಂಬಿ.

ವಿಂಡೋಸ್ ಏಳುವುದು, ವಿನ್ಯಾಸದ ತಂತ್ರಾಂಶಗಳಾದ ರೆವಿಟ್ ಅಥವಾ ಸಾಲಿಡ್‌ವರ್ಕ್ಸ್ ತೆರೆದುಕೊಳ್ಳುವುದು, ಸಾವಿರಾರು ಪುಟ್ಟ ಫೈಲ್‌ಗಳಿರುವ ಪ್ರಾಜೆಕ್ಟ್ ಕಂಪೈಲ್ ಆಗುವುದು (ಕೋಡ್ ಓಡಬಲ್ಲ ತಂತ್ರಾಂಶವಾಗುವುದು) ಎಲ್ಲವೂ 7,450ಕ್ಕಿಂತ ಈ 90ಕ್ಕೇ ಹತ್ತಿರದ ಕೆಲಸಗಳು. ಡ್ರೈವನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪಿಸಿಐಇ ಎಂಬ ದಾರಿಯ ಹಳೆಯ ಮೂರನೇ ತಲೆಮಾರಿನ (ಜೆನ್ 3) ಕಾಲದ 970 ಇವೊ ಪ್ಲಸ್ ತೆಗೆದುಕೊಳ್ಳಿ. ಅದರ ದೊಡ್ಡ ಅಂಕಿ (ಪೆಟ್ಟಿಗೆಯ ಮೇಲಿನ ಎಂಬಿ ಲೆಕ್ಕ) 3,500, ಸಣ್ಣ ಅಂಕಿ (ಸಣ್ಣ ಚೂರುಗಳ ಓದು) ಸೆಕೆಂಡಿಗೆ 19,000 ಸಲ. ಅಂದರೆ ಅದರಿಂದ 990 ಪ್ರೊಗೆ ಹಾರಿದರೆ ದೊಡ್ಡ ಅಂಕಿ ಎರಡರಷ್ಟಕ್ಕಿಂತ ಹೆಚ್ಚಾಗುತ್ತದೆ, ಸಣ್ಣದು ಆರರಲ್ಲಿ ಒಂದು ಪಾಲೂ ಏರುವುದಿಲ್ಲ. "ಹೊಸ ಎಸ್‌ಎಸ್‌ಡಿ ಹಾಕಿಸಿದೆ, ಏನೂ ವ್ಯತ್ಯಾಸವೇ ಗೊತ್ತಾಗ್ತಿಲ್ಲ" ಅನ್ನುವವರ ದೂರಿಗೆ ಅರ್ಧ ಕಾರಣ ಇದು. ಉಳಿದರ್ಧಕ್ಕೆ ಕಾರಣ ಸೆಟಪ್, ಈ ವಿಮರ್ಶೆಯ ಬಹುಪಾಲು ಅದರ ಮೇಲೆಯೇ.

ಇಲ್ಲಿ ಎತ್ತಿಕೊಂಡಿರುವುದು 990 ಪ್ರೊದ 2 ಟಿಬಿ ಮಾದರಿ, ಅದನ್ನು ಕೂರಿಸುವುದು ಲೆನೊವೊ ಥಿಂಕ್‌ಪ್ಯಾಡ್ ಪಿ16 ಜೆನ್ 2ರಲ್ಲಿ (ಈ ಜೆನ್ ಲ್ಯಾಪ್‌ಟಾಪ್‌ನ ತಲೆಮಾರು, ಪಿಸಿಐಇಯದಲ್ಲ). ಈ ಲ್ಯಾಪ್‌ಟಾಪ್‌ನಲ್ಲಿ ಎಂ.2 2280 (22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಡ್ರೈವಿನ) ಸ್ಲಾಟ್ ಎರಡಿವೆ, ಎರಡೂ ಪಿಸಿಐಇ 4.0ರ (ಜೆನ್ 4), ಡೇಟಾ ಹರಿಯುವ ನಾಲ್ಕು ಲೇನ್‌ಗಳವು. ಡೆಲ್ ಪ್ರಿಸಿಷನ್, ಎಚ್‌ಪಿ ಝಡ್‌ಬುಕ್ ಇರುವವರಿಗೂ ಬಯಾಸ್‌ನ (ವಿಂಡೋಸ್‌ಗೆ ಮುಂಚೆ ಏಳುವ ಸೆಟಪ್ ಪರದೆಯ) ಹೆಸರುಗಳು ಬೇರೆ ಅನ್ನುವುದು ಬಿಟ್ಟರೆ ಹೆಚ್ಚಿನದೆಲ್ಲ ಹಾಗೇ ಹೊಂದುತ್ತದೆ.

ಡ್ರೈವಿನ ಒಳಗೇನಿದೆ

2022ರಲ್ಲಿ ಬಂದ ಡ್ರೈವ್ ಇದು. ಸ್ಯಾಮ್‌ಸಂಗ್‌ನದೇ ಪ್ಯಾಸ್ಕಲ್ ಕಂಟ್ರೋಲರ್ (ಡ್ರೈವನ್ನು ನಡೆಸುವ ಚಿಪ್), ಸ್ಯಾಮ್‌ಸಂಗ್‌ನದೇ ಟಿಎಲ್‌ಸಿ ನ್ಯಾಂಡ್ (ಕೋಶಕ್ಕೆ ಮೂರು ಬಿಟ್ ಇಡುವ ನೆನಪಿನ ಚಿಪ್), 2 ಟಿಬಿ ಮಾದರಿಗೆ 2 ಜಿಬಿ ವೇಗದ ತಾತ್ಕಾಲಿಕ ನೆನಪು, ಅಂದರೆ ಡಿರ್‍ಯಾಮ್. ಈ ಡಿರ್‍ಯಾಮ್ ಯಾಕೆ ಮುಖ್ಯ ಅಂದರೆ, ಯಾವ ಡೇಟಾ ಯಾವ ಕೋಶದಲ್ಲಿದೆ ಎಂಬ ನಕ್ಷೆ ಅದರಲ್ಲಿ ಇರುತ್ತದೆ. ಡಿರ್‍ಯಾಮ್ ಇಲ್ಲದ ಅಗ್ಗದ ಡ್ರೈವ್‌ಗಳು ಲ್ಯಾಪ್‌ಟಾಪ್‌ನ ರ್‍ಯಾಮ್‌ನಿಂದ ಕೆಲವು ಹತ್ತು ಎಂಬಿ ಸಾಲ ಪಡೆದು ನಕ್ಷೆಯ ಒಂದು ತುಂಡನ್ನು ಮಾತ್ರ ಇಟ್ಟುಕೊಳ್ಳುತ್ತವೆ. ಬ್ರೌಸರ್, ವರ್ಡ್, ಎಕ್ಸೆಲ್‌ಗೆ ಅದು ಸಾಕು. ಆದರೆ 300 ಜಿಬಿಯ ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಇಮೇಜ್‌ನೊಳಗೆ ಅಲ್ಲೊಂದು ಇಲ್ಲೊಂದು ಕಡೆ ಹುಡುಕುವ ಕೆಲಸ ಬಂದಾಗ ನಕ್ಷೆಯ ತುಂಡು ಪದೇ ಪದೇ ಬದಲಾಗಬೇಕು, ಆಗ ಎಡವಟ್ಟು ಶುರು. ವರ್ಕ್‌ಸ್ಟೇಷನ್‌ಗೆ ಡಿರ್‍ಯಾಮ್ ಇರುವ ಡ್ರೈವನ್ನೇ ಕೊಳ್ಳಿ ಅನ್ನುವುದು ಇದಕ್ಕೇ.

ಬರೆಯುವ ವೇಗ 6,900 ಎಂಬಿ ಎಂದು ಹೇಳಿದ್ದಾರೆ. ಅದು ಎಸ್‌ಎಲ್‌ಸಿ ಕ್ಯಾಶ್ ತುಂಬುವವರೆಗೆ ಮಾತ್ರ. ನ್ಯಾಂಡ್‌ನ ಒಂದು ಭಾಗವನ್ನು ಕೋಶಕ್ಕೆ ಮೂರು ಬಿಟ್‌ನ ಬದಲು ಒಂದೇ ಬಿಟ್‌ನಂತೆ ಬಳಸಿ ವೇಗ ಗಿಟ್ಟಿಸುವ ತಂತ್ರ ಅದು. ಸ್ಯಾಮ್‌ಸಂಗ್ ಅದನ್ನು ಟರ್ಬೊರೈಟ್ ಅನ್ನುತ್ತದೆ. 2 ಟಿಬಿಯಲ್ಲಿ ಅದರ ಗಾತ್ರ 226 ಜಿಬಿ. ಪೂರ್ತಿ ವೇಗದಲ್ಲಿ ಸುರಿದರೆ 33 ಸೆಕೆಂಡಿಗೆ ಕ್ಯಾಶ್ ತುಂಬುತ್ತದೆ, ಆಮೇಲೆ ವೇಗ ಸುಮಾರು 1,400ಕ್ಕೆ ಇಳಿಯುತ್ತದೆ. 500 ಜಿಬಿ ಫುಟೇಜ್ ಒಂದೇ ಉಸಿರಿಗೆ ಬರೆದರೆ ಲೆಕ್ಕದ ಪ್ರಕಾರ ನಾಲ್ಕು ನಿಮಿಷಕ್ಕೆ ತುಸು ಕಡಿಮೆ. ಆದರೆ ಅಷ್ಟು ವೇಗವಾಗಿ ಕೊಡುವವರು ಯಾರು? ಮೂಲ ಡ್ರೈವ್ ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ ಆಗಿದ್ದರೆ ಅದು 550 ಎಂಬಿ ದಾಟುವುದಿಲ್ಲ, ಹಾಗಾಗಿ ಈ ಇಳಿತ ಕಣ್ಣಿಗೇ ಬೀಳದು. 10 ಗಿಗಾಬಿಟ್ ಯುಎಸ್‌ಬಿ ಡಬ್ಬಿಯಲ್ಲಿ ಬಂದರೆ 1,000ದ ಆಸುಪಾಸು, ಅದೂ 1,400ಕ್ಕಿಂತ ಕೆಳಗೇ. ಥಂಡರ್‌ಬೋಲ್ಟ್ ಡ್ರೈವ್‌ನಿಂದ ನಕಲು ಮಾಡುವವರಿಗೆ, ಇಲ್ಲವೇ ಎರಡನೇ ಸ್ಲಾಟ್‌ನಿಂದ ಮೊದಲನೆಯದಕ್ಕೆ ಸುರಿಯುವವರಿಗೆ ಮಾತ್ರ ಇದು ಅನುಭವಕ್ಕೆ ಬರುವ ವಿಷಯ.

ಇದರಲ್ಲೊಂದು ಸೂಕ್ಷ್ಮ ಇದೆ. ಆ 226ರಲ್ಲಿ ಕಾಯಂ ಮೀಸಲು 10 ಜಿಬಿ ಅಷ್ಟೇ. ಉಳಿದ 216 ಜಿಬಿ ಡ್ರೈವಿನ ಖಾಲಿ ಜಾಗದಿಂದ ಎರವಲು ಪಡೆದದ್ದು. ಡ್ರೈವ್ ತುಂಬುತ್ತಾ ಹೋದಂತೆ ಎರವಲು ಕರಗುತ್ತದೆ. 95 ಶೇಕಡಾ ತುಂಬಿಸಿಟ್ಟು "ಮೊದಲಿನ ಹಾಗೆ ಓಡ್ತಿಲ್ಲ" ಅಂದರೆ ಡ್ರೈವಿನ ತಪ್ಪೇನಿಲ್ಲ. ವಿಂಡೋಸ್ ಇದನ್ನು 1,863 ಜಿಬಿ ಎಂದು ತೋರಿಸುತ್ತದೆ. ಅದರಲ್ಲಿ 300 ಜಿಬಿಯಾದರೂ ಸದಾ ಖಾಲಿ ಇರುವಂತೆ ನೋಡಿಕೊಳ್ಳಿ.

ಬಾಳಿಕೆಯ ಗ್ಯಾರಂಟಿ ಐದು ವರ್ಷ ಅಥವಾ 1,200 ಟಿಬಿ ಬರಹ, ಯಾವುದು ಮೊದಲೋ ಅದು. ದಿನಕ್ಕೆ 650 ಜಿಬಿ ಬರೆದರೂ ಐದು ವರ್ಷ ಗ್ಯಾರಂಟಿಯೊಳಗೇ ಇರುತ್ತೀರಿ. ಈ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಫರ್ಮ್‌ವೇರ್ (ಡ್ರೈವಿನೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶ) ಬಗ್ಗೆ ಮಾತ್ರ ಕೆಡಿಸಿಕೊಳ್ಳಬೇಕು. ಮೊದಲ ಫರ್ಮ್‌ವೇರ್ ಇದ್ದ 990 ಪ್ರೊಗಳಲ್ಲಿ ಆರೋಗ್ಯದ ಶೇಕಡಾವಾರು ಅಂಕಿ ವಿನಾಕಾರಣ ಬೇಗ ಬೇಗ ಕುಸಿಯುತ್ತಿತ್ತು. 2023ರ ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್ ಅದಕ್ಕೆ ಪರಿಹಾರವಾಗಿ 1ಬಿ2ಕ್ಯೂಜೆಎಕ್ಸ್‌ಡಿ7 ಎಂಬ ಆವೃತ್ತಿ ಬಿಟ್ಟಿತು. ಇದು ಕುಸಿತವನ್ನು ನಿಲ್ಲಿಸುತ್ತದೆ, ಕುಸಿದ ಅಂಕಿಯನ್ನು ಮೇಲೆತ್ತುವುದಿಲ್ಲ. ಈಗ ಹೊಸದಾಗಿ ಬರುವ ಡ್ರೈವ್‌ಗಳಲ್ಲಿ ಇದರ ಭಯವಿಲ್ಲ, ಆದರೆ ಯಾರದೋ ಕೈ ಬದಲಾಗಿ ಬಂದ ಡ್ರೈವ್ ಕೊಳ್ಳುವುದಾದರೆ ಮೊದಲು ನೋಡಬೇಕಾದ್ದು ಇದನ್ನೇ.

ಕೊಳ್ಳುವಾಗ

ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಹೊದಿಕೆ) ಇರುವ ಮಾದರಿ ಬೇಡ. ಅದರ ದಪ್ಪ 8.2 ಮಿಲಿಮೀಟರ್, ಡೆಸ್ಕ್‌ಟಾಪ್‌ಗೆ ಮತ್ತು ಗೇಮ್ ಕನ್ಸೋಲ್‌ಗೆ ಮಾಡಿದ್ದು. ಲ್ಯಾಪ್‌ಟಾಪ್‌ಗೆ ಬೇಕಾದ್ದು 2.3 ಮಿಲಿಮೀಟರ್‌ನ ಬರಿ ಡ್ರೈವ್. ಕೆಲವೊಮ್ಮೆ ಆಫರ್‌ನಲ್ಲಿ ಹೀಟ್‌ಸಿಂಕ್ ಮಾದರಿಯೇ ಅಗ್ಗಕ್ಕೆ ಸಿಗುತ್ತದೆ. ತಂದು ಹೀಟ್‌ಸಿಂಕ್ ಕಿತ್ತು ಹಾಕೋಣ ಎಂಬ ಜಾಣತನಕ್ಕೆ ಇಳಿದರೆ ಲೇಬಲ್ ಹರಿಯುತ್ತದೆ, ಗ್ಯಾರಂಟಿಯೂ ಅದರ ಜೊತೆಗೇ ಹೋಗುತ್ತದೆ.

990 ಪ್ರೊ ಹೆಸರಿನ ನಕಲಿಗಳು ಚಲಾವಣೆಯಲ್ಲಿವೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡರೂ ಸರಿ, ಆನ್‌ಲೈನ್‌ನಲ್ಲಿ ತರಿಸಿದರೂ ಸರಿ, ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಮನೆಗೆ ತಂದ ಮೇಲೆ ಸ್ಯಾಮ್‌ಸಂಗ್ ಮ್ಯಾಜಿಷಿಯನ್ ಎಂಬ ತಂತ್ರಾಂಶ ಹಾಕಿ ಅಸಲಿ ಎಂದು ಗುರುತಿಸುತ್ತದೋ ನೋಡಿ. ಎಚ್‌ಡಬ್ಲ್ಯೂಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಕಂಟ್ರೋಲರ್‌ನ ತಯಾರಕರ ಸಂಕೇತ 144ಡಿ ಎಂದಿರಬೇಕು, ಅದು ಸ್ಯಾಮ್‌ಸಂಗ್‌ನದು. ಕ್ಯಾಶ್ ಮುಗಿದ ಮೇಲೆ ವೇಗ 1,400ರ ಬದಲು ನೂರೋ ಇನ್ನೂರೋ ಎಂಬಿಗೆ ಬಿದ್ದರೆ ಸ್ಟಿಕ್ಕರ್ ಏನೇ ಹೇಳಲಿ, ಒಳಗಿರುವುದು ಬೇರೆ.

ಬದಲಿಗೆ ಏನು ಕೊಳ್ಳಬಹುದು? ಡಬ್ಲ್ಯೂಡಿ ಬ್ಲ್ಯಾಕ್ ಎಸ್‌ಎನ್850ಎಕ್ಸ್ 2 ಟಿಬಿ ಇದಕ್ಕೆ ನೇರ ಸಾಟಿ: 7,300 ಓದು, 6,600 ಬರಹ, 1,200 ಟಿಬಿ ಗ್ಯಾರಂಟಿ. ಲಿನಕ್ಸ್ ಬಳಸುವವರಿಗೆ ಅದರಲ್ಲೊಂದು ಹೆಚ್ಚುಗಾರಿಕೆ ಇದೆ, 512 ಬೈಟ್‌ನ ಬದಲು 4,096 ಬೈಟ್‌ನ ಸೆಕ್ಟರ್‌ಗೆ (ಡೇಟಾ ಇಡುವ ಅತಿ ಸಣ್ಣ ಘಟಕಕ್ಕೆ) ಫಾರ್ಮ್ಯಾಟ್ ಮಾಡಿಕೊಳ್ಳಬಹುದು. 990 ಪ್ರೊ 512ರಲ್ಲೇ ನಿಲ್ಲುತ್ತದೆ. ಎಸ್‌ಕೆ ಹೈನಿಕ್ಸ್ ಪಿ41 ಕಡಿಮೆ ವಿದ್ಯುತ್ತಿಗೆ ಹೆಸರಾದದ್ದು, ಬ್ಯಾಟರಿ ಮೇಲೆ ಹೆಚ್ಚು ಓಡಾಡುವವರಿಗೆ ಒಳ್ಳೆಯದು. ಕ್ರೂಶಿಯಲ್ ಟಿ500 ಕೂಡ ಡಿರ್‍ಯಾಮ್ ಇರುವ ಡ್ರೈವೇ. ಈ ನಾಲ್ಕರಲ್ಲಿ ಅವತ್ತು ಯಾವುದು ಅಗ್ಗವೋ ಅದನ್ನು ತನ್ನಿ, ಸಣ್ಣ ಅಂಕಿಯಲ್ಲಿ ಇವುಗಳ ನಡುವಿನ ಅಂತರ ಕೆಲಸದಲ್ಲಿ ಗೊತ್ತಾಗುವಷ್ಟು ದೊಡ್ಡದಲ್ಲ. ಎರಡೂ ಬದಿಗೆ ಚಿಪ್ ಇರುವ ಡ್ರೈವ್ ಮಾತ್ರ ಬೇಡ. ಕಿಂಗ್‌ಸ್ಟನ್ ಕೆಸಿ3000ದ 2 ಟಿಬಿ ಹಾಗಿದೆ. ತೆಳು ಲ್ಯಾಪ್‌ಟಾಪ್‌ನಲ್ಲಿ ಅಡಿಭಾಗದ ಚಿಪ್‌ಗಳು ಬೋರ್ಡಿಗೆ ತಾಗಿದಂತೆ ಕೂರುತ್ತವೆ, ಅಲ್ಲಿಗೆ ಗಾಳಿಯೂ ಇಲ್ಲ, ಬಿಸಿ ಹೊರಗೆಳೆಯುವ ಪ್ಯಾಡೂ ಇಲ್ಲ. 990 ಪ್ರೊ 4 ಟಿಬಿಯಲ್ಲೂ ಒಂದೇ ಬದಿಯದು, ಇದು ಅದರ ದೊಡ್ಡ ಗುಣ.

ಪಿಸಿಐಇ 5.0 ಡ್ರೈವ್ ತಂದು ಪಿ16 ಜೆನ್ 2ಕ್ಕೆ ಹಾಕಿದರೆ ಅದು ಜೆನ್ 4ರ ವೇಗಕ್ಕೇ ಓಡುತ್ತದೆ. ನಾಲ್ಕು ಲೇನ್‌ಗಳ ಜೆನ್ 4ರ ಗರಿಷ್ಠ ಮಿತಿ ಸೆಕೆಂಡಿಗೆ 7.9 ಜಿಬಿ. ಹೆಚ್ಚು ದುಡ್ಡು ಕೊಟ್ಟು ಬಿಸಿ ಕೊಂಡ ಹಾಗೆ.

ಬಿಚ್ಚುವ ಮುಂಚೆ

ಡ್ರೈವ್ ಕೈಗೆ ಬಂದ ಕೂಡಲೇ ಸ್ಕ್ರೂಡ್ರೈವರ್ ಹಿಡಿಯಬೇಡಿ. ಮೊದಲು ಬಿಟ್‌ಲಾಕರ್, ಅಂದರೆ ಡ್ರೈವಿನ ಡೇಟಾಕ್ಕೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ. ಕಂಪನಿಯ ಲ್ಯಾಪ್‌ಟಾಪ್‌ಗಳಲ್ಲಂತೂ ಇದ್ದೇ ಇರುತ್ತದೆ, ಮನೆಯ ವಿಂಡೋಸ್ 11ರಲ್ಲೂ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕಿದ್ದರೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. 48 ಅಂಕಿಗಳ ರಿಕವರಿ ಕೀ ಎಲ್ಲಿದೆ ಎಂದು ಹುಡುಕಿ, ಕಾಗದದ ಮೇಲೆ ಬರೆದಿಡಿ ಇಲ್ಲವೇ ಫೋನಿನಲ್ಲಿ ಫೋಟೋ ತೆಗೆದಿಡಿ. ಅದೇ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್ ಮೇಲೆ ಫೈಲ್ ಮಾಡಿ ಉಳಿಸಿಕೊಂಡರೆ ಬೀಗದೊಳಗೇ ಕೀಲಿ ಇಟ್ಟಂತೆ. ಆಮೇಲೆ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ. ಬಯಾಸ್‌ನಲ್ಲಿ ಸ್ಟೋರೇಜ್ ಬಗೆ ಬದಲಿಸಿದರೂ, ಬಯಾಸ್ ಅಪ್‌ಡೇಟ್ ಮಾಡಿದರೂ ಅದು ಕೀ ಕೇಳುವ ಸಂಭವ ಜಾಸ್ತಿ.

ಎರಡನೆಯದು ವಿಎಂಡಿ. ಇಂಟೆಲ್‌ನ ಈ ವ್ಯವಸ್ಥೆ ಎನ್‌ವಿಎಂಇ ಡ್ರೈವ್‌ಗಳನ್ನು (990 ಪ್ರೊದಂಥ ಪಿಸಿಐಇ ಎಸ್‌ಎಸ್‌ಡಿಗಳನ್ನು) ತನ್ನ ಹಿಂದೆ ಬಚ್ಚಿಟ್ಟುಕೊಂಡು ರೇಡ್ (ಹಲವು ಡ್ರೈವ್‌ಗಳನ್ನು ಒಂದಾಗಿ ಬಳಸುವ) ಸೌಲಭ್ಯ ಕೊಡುತ್ತದೆ. ಡೆಲ್ ಪ್ರಿಸಿಷನ್‌ಗಳು ರೇಡ್ ಆನ್ ಎಂಬ ಸ್ಥಿತಿಯಲ್ಲೇ ಬರುವುದು ರೂಢಿ. ಥಿಂಕ್‌ಪ್ಯಾಡ್‌ನಲ್ಲಿ ಬಯಾಸ್‌ನ ಕಾನ್ಫಿಗ್ ಒಳಗೆ ಸ್ಟೋರೇಜ್ ಭಾಗದಲ್ಲಿ ಇದರ ಆಯ್ಕೆ ಇದೆ. ರೇಡ್ ಬೇಡವಾದರೆ ವಿಎಂಡಿ ಆಫ್ ಇರುವುದೇ ಒಳ್ಳೆಯದು: ವಿಂಡೋಸ್‌ನ ಸ್ವಂತ ಎನ್‌ವಿಎಂಇ ಡ್ರೈವರ್ ಸಾಕು, ಮ್ಯಾಜಿಷಿಯನ್‌ಗೆ ಡ್ರೈವ್ ಪೂರ್ತಿ ಕಾಣುತ್ತದೆ, ಫರ್ಮ್‌ವೇರ್ ಅಪ್‌ಡೇಟ್ ಸಲೀಸು. ವಿಎಂಡಿ ಆನ್ ಇದ್ದಾಗ ವಿಂಡೋಸ್ ಇನ್‌ಸ್ಟಾಲ್ ಮಾಡಲು ಹೋದರೆ ಡ್ರೈವ್‌ಗಳ ಪಟ್ಟಿಯೇ ಖಾಲಿ. "ಹೊಸ ಡ್ರೈವ್ ಡೆಡ್ ಬಂದಿದೆ" ಎಂದು ವಾಪಸ್ ಕಳಿಸುವವರಲ್ಲಿ ಎಷ್ಟೋ ಜನ ಮುಗ್ಗರಿಸುವುದು ಇಲ್ಲೇ. ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರನ್ನು ಬಿಡಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಲೋಡ್ ಡ್ರೈವರ್ ಒತ್ತಿದರೆ ಪಟ್ಟಿ ತುಂಬುತ್ತದೆ.

ಈಗಾಗಲೇ ಓಡುತ್ತಿರುವ ವಿಂಡೋಸ್‌ನಲ್ಲಿ ವಿಎಂಡಿಯನ್ನು ಏಕಾಏಕಿ ಆಫ್ ಮಾಡಿದರೆ ನೀಲಿ ಪರದೆ ಗ್ಯಾರಂಟಿ, ಯಾಕೆಂದರೆ ಬೂಟ್ ಆಗುವಾಗ ಬೇಕಾದ ಡ್ರೈವರ್ ಸಿದ್ಧವಿರುವುದಿಲ್ಲ. ದಾರಿ ಇದೆ. ಎಂಎಸ್‌ಕಾನ್ಫಿಗ್ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್, ಮಿನಿಮಲ್ ಆರಿಸಿ. ರೀಸ್ಟಾರ್ಟ್ ಮಾಡಿ ನೇರ ಬಯಾಸ್‌ಗೆ ಹೋಗಿ ವಿಎಂಡಿ ಆಫ್ ಮಾಡಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಎದ್ದು ಸರಿಯಾದ ಡ್ರೈವರನ್ನು ತಾನೇ ಹಿಡಿಯುತ್ತದೆ. ಎಂಎಸ್‌ಕಾನ್ಫಿಗ್‌ನಲ್ಲಿ ಟಿಕ್ ತೆಗೆದು ಇನ್ನೊಮ್ಮೆ ರೀಸ್ಟಾರ್ಟ್. ಸೇಫ್ ಮೋಡ್‌ಗೆ ಪಿನ್ ಬದಲು ಪಾಸ್‌ವರ್ಡ್ ಬೇಕಾಗಬಹುದು, ನೆನಪಿದೆಯೋ ಮೊದಲೇ ನೋಡಿಕೊಳ್ಳಿ. ಎರಡು ಡ್ರೈವ್ ಈಗಾಗಲೇ ರೇಡ್‌ನಲ್ಲಿ ಜೋಡಿಯಾಗಿದ್ದರೆ ಮಾತ್ರ ಇದಕ್ಕೆ ಕೈ ಹಾಕಬೇಡಿ, ಜೋಡಿ ಒಡೆದು ಡೇಟಾ ಹೋಗುತ್ತದೆ.

ಕೂರಿಸುವುದು

ಚಾರ್ಜರ್ ಕಿತ್ತು, ಯಂತ್ರ ಆನ್ ಮಾಡಿ ಎಫ್1 ಒತ್ತಿ ಬಯಾಸ್‌ಗೆ ಹೋಗಿ. ಕಾನ್ಫಿಗ್, ಅದರೊಳಗೆ ಪವರ್, ಅಲ್ಲಿ ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ. ಯೆಸ್ ಅಂದರೆ ಲ್ಯಾಪ್‌ಟಾಪ್ ತಾನೇ ಆರುತ್ತದೆ. ಮತ್ತೆ ಚಾರ್ಜರ್ ಚುಚ್ಚುವ ತನಕ ಬ್ಯಾಟರಿಯಿಂದ ಬೋರ್ಡಿಗೆ ಕರೆಂಟ್ ಹೋಗುವುದಿಲ್ಲ. ಥಿಂಕ್‌ಪ್ಯಾಡ್‌ಗಳಲ್ಲಿ ಇದು ನಿಜಕ್ಕೂ ಮೆಚ್ಚಬೇಕಾದ ಅನುಕೂಲ. ಬ್ಯಾಟರಿಯ ನವಿರಾದ ಕನೆಕ್ಟರ್ ಕೀಳುವ ಗೋಜಿಲ್ಲ. ನಾಲ್ಕೈದು ನಿಮಿಷ ಆರಲು ಬಿಡಿ.

ಕೆಳಗಿನ ಮುಚ್ಚಳದ ಸ್ಕ್ರೂಗಳು ಸಡಿಲವಾದರೂ ಮುಚ್ಚಳದಲ್ಲೇ ಉಳಿಯುವಂಥವು, ಪೂರ್ತಿ ಹೊರಗೆ ಬರಲಿಲ್ಲವೆಂದು ಜಗ್ಗಬೇಡಿ. ಲೋಹದ ಕಿಟಕಿ ಸರಳನ್ನೋ ನಲ್ಲಿಯನ್ನೋ ಒಮ್ಮೆ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಹಾಸಿಗೆ, ಸೋಫಾ ಮೇಲೆ ಈ ಕೆಲಸ ಬೇಡ.

ಡ್ರೈವಿನ ಚಿನ್ನದ ಬಣ್ಣದ ತುದಿಯನ್ನು ಸ್ಲಾಟ್‌ಗೆ 20-30 ಡಿಗ್ರಿ ಓರೆಯಾಗಿ ಹಿಡಿದು ಒಳತಳ್ಳಬೇಕು. ಸರಿಯಾಗಿ ಕೂತರೆ ಚಿನ್ನದ ಗೆರೆಗಳು ಕಾಣುವುದು ನಿಲ್ಲುತ್ತದೆ. ಕೈ ಬಿಟ್ಟರೆ ಡ್ರೈವ್ ಸ್ಪ್ರಿಂಗಿನಂತೆ ಮೇಲೇಳುತ್ತದೆ, ಅದು ಸಹಜ. ಮೆಲ್ಲಗೆ ಒತ್ತಿ ಮಲಗಿಸಿ ಸ್ಕ್ರೂ ಹಾಕಿ. ಬೆರಳಿನ ಬಲ ಸಾಕು; ಈ ಪುಟ್ಟ ಸ್ಕ್ರೂ ಹೆಡ್ ಒಮ್ಮೆ ತಿರುಚಿಹೋದರೆ ಅದನ್ನು ತೆಗೆಯುವುದೇ ಒಂದು ದಿನದ ಕೆಲಸ. ಎರಡನೇ ಸ್ಲಾಟ್ ಖಾಲಿ ಬಂದಿರುವ ಯಂತ್ರಗಳಲ್ಲಿ ಅಲ್ಲಿ ಬೇಕಾದ ಸ್ಕ್ರೂ, ಲೋಹದ ತಟ್ಟೆ, ಪ್ಯಾಡ್ ಇವೆಯೋ ಇಲ್ಲವೋ ಎಂದು ಡ್ರೈವ್ ತರಿಸುವ ಮುಂಚೆಯೇ ಒಮ್ಮೆ ಬಿಚ್ಚಿ ನೋಡಿಕೊಂಡರೆ ಎರಡನೇ ಸಲ ಬಿಚ್ಚುವುದು ತಪ್ಪುತ್ತದೆ.

ಥರ್ಮಲ್ ಪ್ಯಾಡ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಜನ ಹೆಚ್ಚು ಎಡವುವುದು ಇಲ್ಲಿ. ಮೊದಲನೆಯದು, ಸ್ಯಾಮ್‌ಸಂಗ್‌ನ ಲೇಬಲ್ ಕೀಳಬಾರದು. ಅದು ಬರಿ ಸ್ಟಿಕ್ಕರ್ ಅಲ್ಲ, ಬಿಸಿಯನ್ನು ಹರಡುವ ಪದರ ಅದರಲ್ಲೇ ಇದೆ. ಎರಡನೆಯದು, ಹೊಸ ಪ್ಯಾಡಿನ ಎರಡೂ ಬದಿಯ ಪ್ಲಾಸ್ಟಿಕ್ ಹಾಳೆ ತೆಗೆಯಬೇಕು. ಒಂದು ಬದಿಯದು ಎದ್ದು ಕಾಣುವ ನೀಲಿ, ಇನ್ನೊಂದು ಬದಿಯದು ಕಣ್ಣಿಗೇ ಬೀಳದಷ್ಟು ಪಾರದರ್ಶಕ. ಅದು ಉಳಿದರೆ ಪ್ಯಾಡ್ ಇದ್ದೂ ಇಲ್ಲದಂತೆ. ಮೂರನೆಯದು, ದಪ್ಪ. ಹಳೆಯ ಪ್ಯಾಡ್ ಅರ್ಧ ಮಿಲಿಮೀಟರ್‌ನದಾಗಿದ್ದರೆ ಅಷ್ಟೇ ದಪ್ಪದ್ದು ಬೇಕು. "ದಪ್ಪ ಇದ್ದಷ್ಟೂ ಒಳ್ಳೇದು" ಎಂದು 1.5 ಮಿಲಿಮೀಟರ್ ತುರುಕಿದರೆ ಡ್ರೈವ್ ನಡುವಲ್ಲಿ ಬಿಲ್ಲಿನಂತೆ ಬಾಗುತ್ತದೆ. ಕಡಿಮೆಯಾದರೆ ತಟ್ಟೆ ಚಿಪ್‌ಗೆ ಮುಟ್ಟುವುದೇ ಇಲ್ಲ. ಮುಚ್ಚಳ ಹಾಕಿ ಮತ್ತೆ ತೆಗೆದು ಪ್ಯಾಡಿನ ಮೇಲೆ ಚಿಪ್‌ಗಳ ಅಚ್ಚು ಮೂಡಿದೆಯೋ ನೋಡುವುದು ಖಾತರಿ ಪರೀಕ್ಷೆ: ಮೂರ್ನಾಲ್ಕು ಚೌಕಾಕಾರದ ಗುರುತು ಸಮನಾಗಿ ಬಿದ್ದಿದ್ದರೆ ಸರಿ, ಒಂದೇ ಮೂಲೆಯಲ್ಲಿ ಬಿದ್ದಿದ್ದರೆ ತಟ್ಟೆ ಓರೆಯಾಗಿದೆ.

ಕೊನೆಗೆ ಚಾರ್ಜರ್ ಚುಚ್ಚಲು ಮರೆಯಬೇಡಿ. ಬ್ಯಾಟರಿಯನ್ನು ಬಯಾಸ್‌ನಲ್ಲಿ ಆಫ್ ಮಾಡಿದ್ದರಿಂದ ಬರಿ ಪವರ್ ಬಟನ್ ಒತ್ತಿದರೆ ಯಂತ್ರ ಏಳುವುದಿಲ್ಲ, ಅಷ್ಟಕ್ಕೇ ಎದೆ ಧಸಕ್ ಅನ್ನಿಸಿಕೊಳ್ಳುವವರಿದ್ದಾರೆ.

ಕ್ಲೋನೋ ಹೊಸ ಇನ್‌ಸ್ಟಾಲೋ

ಹೊಸದಾಗಿ ವಿಂಡೋಸ್ ಹಾಕುವುದೇ ಅಚ್ಚುಕಟ್ಟು, ಆದರೆ ಲೈಸೆನ್ಸ್ ಕಟ್ಟಿಕೊಂಡ ಕ್ಯಾಡ್ ತಂತ್ರಾಂಶಗಳಿರುವವರಿಗೆ ಕ್ಲೋನ್ (ಹಳೆಯ ಡ್ರೈವಿನ ಪಡಿಯಚ್ಚು ನಕಲು) ಮಾಡದೆ ಗತ್ಯಂತರವಿಲ್ಲ. ಪಿ16ರಲ್ಲಿ ಸ್ಲಾಟ್ ಎರಡಿರುವುದರಿಂದ ಹೊಸದನ್ನು ಎರಡನೆಯದರಲ್ಲಿ ಹಾಕಿ ಕ್ಲೋನ್ ಮಾಡಬಹುದು. ಕ್ಲೋನ್ ಮಾಡುವ ತಂತ್ರಾಂಶಗಳಲ್ಲಿ ಮ್ಯಾಕ್ರಿಯಮ್ ರಿಫ್ಲೆಕ್ಟ್‌ನ ಉಚಿತ ಆವೃತ್ತಿ 2024ರ ಆರಂಭಕ್ಕೆ ನಿಂತಿತು. ಕ್ಲೋನ್‌ಜಿಲ್ಲಾ ಈಗಲೂ ಉಚಿತ, ಮುಖ ಮಾತ್ರ ಒರಟು.

ಕ್ಲೋನ್ ಮುಗಿದ ಮೇಲೆ ಎರಡು ಡ್ರೈವ್‌ಗಳೂ ಒಳಗಿರುವಾಗ ಬೂಟ್ ಮಾಡಬೇಡಿ. ಎರಡಕ್ಕೂ ಈಗ ಒಂದೇ ಗುರುತಿನ ಸಂಖ್ಯೆ. ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ಇಲ್ಲವೇ ಹೊಸದರಿಂದ ಬೂಟ್ ಆಗಿದ್ದೀರೆಂದು ನೀವು ನಂಬಿಕೊಂಡಿರುವಾಗ ಹಳೆಯದರಿಂದಲೇ ಎದ್ದಿರುತ್ತದೆ. ಹಳೆಯದನ್ನು ಹೊರತೆಗೆದು ಹೊಸದೊಂದರಿಂದಲೇ ಮೊದಲ ಸಲ ಎಬ್ಬಿಸಿ.

ಇನ್ನೊಂದು ತಲೆನೋವು: 512 ಜಿಬಿಯಿಂದ 2 ಟಿಬಿಗೆ ಕ್ಲೋನ್ ಮಾಡಿದ ಮೇಲೂ ಸಿ ಡ್ರೈವ್ 475 ಜಿಬಿಯಷ್ಟೇ ತೋರಿಸುತ್ತದೆ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎಕ್ಸ್‌ಟೆಂಡ್ ವಾಲ್ಯೂಮ್ ಮಸುಕಾಗಿ ಕೂತಿರುತ್ತದೆ. ಕಾರಣ, ಸಿ ಮತ್ತು ಖಾಲಿ ಜಾಗದ ನಡುವೆ ರಿಕವರಿ ಪಾರ್ಟಿಷನ್ ಗೋಡೆಯಂತೆ ನಿಂತಿದೆ. ಪಾರ್ಟಿಷನ್ ಸರಿಸುವ ತಂತ್ರಾಂಶದಿಂದ ರಿಕವರಿಯನ್ನು ಡ್ರೈವಿನ ತುದಿಗೆ ಎಳೆದು ಆಮೇಲೆ ಸಿ ಹಿಗ್ಗಿಸಿ. ಬಿಟ್‌ಲಾಕರ್ ಬಿಚ್ಚದೆ ಇದನ್ನು ಮಾಡಲು ಹೋಗಬೇಡಿ.

ಬಿಟ್‌ಲಾಕರ್ ವೇಗ ತಿನ್ನುತ್ತದೆಯೇ?

ತಿನ್ನುತ್ತದೆ. ದೊಡ್ಡ ಫೈಲ್‌ಗಳಲ್ಲಿ ಅಷ್ಟಾಗಿ ಗೊತ್ತಾಗದು, ಮೇಲೆ ಹೇಳಿದ ಸಣ್ಣ ಚೂರುಗಳಲ್ಲಿ ಗೊತ್ತಾಗುತ್ತದೆ. ಪ್ರತಿ ಚೂರೂ ಪ್ರೊಸೆಸರ್‌ನ ಕೈಯಲ್ಲಿ ಗೂಢಲಿಪಿ ಬಿಚ್ಚಿಸಿಕೊಂಡೇ ಬರಬೇಕು. ಡ್ರೈವಿನೊಳಗೇ ಎಇಎಸ್ 256 ಯಂತ್ರಾಂಶ ಇದೆಯಲ್ಲ, ಅದನ್ನೇಕೆ ಬಳಸಬಾರದು? ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಹಲವು ಎಸ್‌ಎಸ್‌ಡಿಗಳ ಈ ಒಳಗಿನ ಬೀಗವನ್ನು ಪಾಸ್‌ವರ್ಡ್ ಇಲ್ಲದೆ ತೆರೆಯಬಹುದೆಂದು ತೋರಿಸಿದರು. 2019ರಿಂದ ವಿಂಡೋಸ್ ತಾನಾಗಿ ಅದನ್ನು ನಂಬುವುದನ್ನು ಬಿಟ್ಟು ತನ್ನದೇ ಸಾಫ್ಟ್‌ವೇರ್ ಬೀಗ ಹಾಕುತ್ತದೆ.

ಹಾಗೆಂದು ವೇಗಕ್ಕಾಗಿ ಸಿ ಡ್ರೈವಿನ ಬೀಗ ತೆಗೆಯಬೇಡಿ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವ ನೂಕುನುಗ್ಗಲಿನಲ್ಲಿ ಬ್ಯಾಗ್ ಹೋದರೆ ಹೋಗುವುದು ಲ್ಯಾಪ್‌ಟಾಪ್ ಒಂದೇ ಆಗಿರಲಿ, ಗ್ರಾಹಕರ ಡ್ರಾಯಿಂಗ್‌ಗಳು ಜೊತೆಗೆ ಹೋಗುವುದು ಬೇಡ. ಎರಡನೇ ಸ್ಲಾಟ್ ಇರುವುದು ಇಂಥದ್ದಕ್ಕೇ: ಮೊದಲ ಡ್ರೈವ್‌ನಲ್ಲಿ ವಿಂಡೋಸ್ ಮತ್ತು ಫೈಲ್‌ಗಳು, ಬೀಗದೊಂದಿಗೆ, ಎರಡನೆಯದರಲ್ಲಿ ವಿಡಿಯೊ ಕ್ಯಾಶ್, ಕಂಪೈಲ್‌ನ ತಾತ್ಕಾಲಿಕ ಫೈಲ್‌ಗಳಂಥ ಕದ್ದರೂ ಏನೂ ಸಿಗದ ಸರಕು, ಬೀಗವಿಲ್ಲದೆ. ಕಂಪನಿಯ ಯಂತ್ರವಾದರೆ ಐಟಿ ವಿಭಾಗವನ್ನು ಕೇಳಿಯೇ ಮಾಡಿ.

ಎರಡನ್ನೂ ಸೇರಿಸಿ ರೇಡ್ 0 (ಫೈಲ್‌ಗಳನ್ನು ಎರಡೂ ಡ್ರೈವ್‌ಗಳಿಗೆ ಹಂಚಿ ಬರೆಯುವುದು) ಮಾಡುವ ಆಸೆ ಕೆಲವರಿಗೆ. ದೊಡ್ಡ ಅಂಕಿ ಇನ್ನೂ ದೊಡ್ಡದಾಗುತ್ತದೆ, ಸಣ್ಣ ಅಂಕಿ ಇದ್ದಲ್ಲೇ ಇರುತ್ತದೆ ಅಥವಾ ತುಸು ಇಳಿಯುತ್ತದೆ, ಒಂದು ಡ್ರೈವ್ ಸತ್ತರೆ ಎರಡೂ ಸತ್ತಂತೆ. ಬೇಡ.

ಕೋಡ್ ಬರೆಯುವವರಿಗೆ ಇನ್ನೊಂದು ಉಪಾಯ: ವಿಂಡೋಸ್ 11ರ ಡೆವ್ ಡ್ರೈವ್, ಅಂದರೆ ಕೋಡ್ ಇಡಲೆಂದೇ ಮಾಡಿಕೊಳ್ಳುವ ಪ್ರತ್ಯೇಕ ವಿಭಾಗ. ಕನಿಷ್ಠ 50 ಜಿಬಿ ಬೇಕು, ಆರ್‌ಇಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯ ಮೇಲೆ ನಡೆಯುತ್ತದೆ. ಅದರೊಳಗಿನ ಫೈಲ್‌ಗಳನ್ನು ವಿಂಡೋಸ್‌ನ ವೈರಸ್ ಕಾವಲುಗಾರ ಡಿಫೆಂಡರ್, ತೆರೆಯುವ ಕ್ಷಣದಲ್ಲೇ ತಡೆದು ನಿಲ್ಲಿಸದೆ ಆಮೇಲೆ ಪರೀಕ್ಷಿಸುತ್ತದೆ. ಸಾವಿರಾರು ಪುಟ್ಟ ಫೈಲ್ ಮುಟ್ಟುವ ಕಂಪೈಲ್‌ಗೆ ಇದರಿಂದ ಸಿಗುವ ಲಾಭ ಒಂದು ಬ್ರ್ಯಾಂಡ್ ಬಿಟ್ಟು ಇನ್ನೊಂದು ಕೊಳ್ಳುವುದರಿಂದ ಸಿಗುವುದಕ್ಕಿಂತ ಹೆಚ್ಚು. ಲಿನಕ್ಸ್‌ನಲ್ಲಿ ಲಕ್ಸ್ (ಬಿಟ್‌ಲಾಕರ್‌ನಂಥದ್ದೇ) ಬೀಗ ಹಾಕಿದವರು ಕ್ರಿಪ್ಟ್‌ಟ್ಯಾಬ್ ಎಂಬ ಸೆಟ್ಟಿಂಗ್ ಫೈಲ್‌ನಲ್ಲಿ ಡಿಸ್ಕಾರ್ಡ್ ಎಂಬ ಪದ ಇದೆಯೋ ನೋಡಿ. ಇಲ್ಲದಿದ್ದರೆ ವಾರವಾರ ಓಡುವ ಎಫ್‌ಎಸ್‌ಟ್ರಿಮ್‌ನ ಮಾತು ಡ್ರೈವಿಗೆ ಮುಟ್ಟುವುದೇ ಇಲ್ಲ, ಅಳಿಸಿದ ಜಾಗ ಖಾಲಿಯಾಗಿದೆ ಎಂದು ಅದಕ್ಕೆ ತಿಳಿಯುವುದಿಲ್ಲ.

ಪರೀಕ್ಷೆ ಮತ್ತು ಬಿಸಿ

ಡ್ರೈವಿನ ವಿವರ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದು ಟ್ರಾನ್ಸ್‌ಫರ್ ಮೋಡ್ ಸಾಲು ನೋಡಿ. ಎರಡೂ ಕಡೆ ಪಿಸಿಐಇ 4.0 ಎಕ್ಸ್4 ಇರಬೇಕು. ಎಡಗಡೆ 3.0 ಎಂದಿದ್ದರೆ ಸ್ಲಾಟ್ ಜೆನ್ 3ರದು, 3,500ಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ಎಕ್ಸ್2 ಎಂದಿದ್ದರೆ ಡ್ರೈವ್ ಸರಿಯಾಗಿ ಕೂತಿಲ್ಲದಿರಬಹುದು, ಮತ್ತೆ ಬಿಚ್ಚಿ ಕೂರಿಸಿ.

ವೇಗ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್‌ನ ಮಾಮೂಲಿ 1 ಜಿಬಿ ಪರೀಕ್ಷೆ ಕ್ಯಾಶ್‌ನೊಳಗೇ ಮುಗಿದುಹೋಗುತ್ತದೆ. ಎಲ್ಲರ ಡ್ರೈವೂ ಅದರಲ್ಲಿ ಹೀರೊ. 64 ಜಿಬಿಗೆ ಏರಿಸಿ (ಅದೂ 226ರ ಕ್ಯಾಶ್‌ನೊಳಗೇ, ಆದರೂ 1 ಜಿಬಿಗಿಂತ ಕಠಿಣ), ಚಾರ್ಜರ್ ಚುಚ್ಚಿ, ಪವರ್ ಮೋಡ್ ಬೆಸ್ಟ್ ಪರ್ಫಾರ್ಮೆನ್ಸ್‌ನಲ್ಲಿಟ್ಟು ಓಡಿಸಿ. ಬ್ಯಾಟರಿಯ ಮೇಲೆ ಓಡಿಸಿದರೆ ಪ್ರೊಸೆಸರ್ ನಿದ್ದೆಯಿಂದ ಎದ್ದು ಬರುವ ಹೊತ್ತೂ ಸೇರಿ ಕೊನೆಯ ಸಾಲಿನ ಸಣ್ಣ ಅಂಕಿ ಇಳಿಯುತ್ತದೆ. ಮೊದಲ ಸಾಲಿಗಿಂತ ಆ ಕೊನೆಯ ಸಾಲನ್ನೇ ಬರೆದಿಟ್ಟುಕೊಳ್ಳಿ. ಚಾರ್ಜರ್ ಮೇಲೆ ಅದು 60 ಎಂಬಿಗಿಂತ ಕೆಳಗಿದ್ದರೆ ಬಿಟ್‌ಲಾಕರ್, ಪವರ್ ಮೋಡ್, ವಿಎಂಡಿ ಈ ಮೂರನ್ನು ಒಂದೊಂದಾಗಿ ಅನುಮಾನಿಸಿ.

ಬಿಸಿಗೆ ಎಚ್‌ಡಬ್ಲ್ಯೂಇನ್ಫೊ. 990 ಪ್ರೊ ಎರಡು ಉಷ್ಣತೆ ತೋರಿಸುತ್ತದೆ, ಎರಡನೆಯದು ಸಾಮಾನ್ಯವಾಗಿ ಹೆಚ್ಚು. 82 ಡಿಗ್ರಿ ಡ್ರೈವಿನ ಎಚ್ಚರಿಕೆಯ ಗಡಿ, 85 ಅಪಾಯದ ಗಡಿ. ಬರಿ ಡ್ರೈವ್ ಪರೀಕ್ಷೆ ಮಾಡಿ ತೃಪ್ತರಾಗಬೇಡಿ. ಪಿ16ರಲ್ಲಿ ಎಚ್‌ಎಕ್ಸ್ ಬಗೆಯ ಬಲವಾದ ಪ್ರೊಸೆಸರ್, ದೊಡ್ಡ ಜಿಪಿಯು (ಗ್ರಾಫಿಕ್ಸ್ ಚಿಪ್) ಎರಡೂ ಒಂದೇ ಡಬ್ಬಿಯಲ್ಲಿವೆ; ಅರ್ಧ ಗಂಟೆ ರೆಂಡರ್ ಓಡಿಸಿ ಒಳಗೆಲ್ಲ ಕಾದ ಮೇಲೆ ಡ್ರೈವಿಗೆ 200 ಜಿಬಿ ಬರೆಸಿ. ನಿಜವಾದ ಬಣ್ಣ ಆಗ ಗೊತ್ತಾಗುತ್ತದೆ. ಕಲಬುರಗಿ, ರಾಯಚೂರಿನ ಕಡೆ ಮೇ ತಿಂಗಳಲ್ಲಿ ಹೊರಗೇ 40 ದಾಟಿರುವಾಗ ಫ್ಯಾನ್ ಎಳೆದುಕೊಳ್ಳುವ ಗಾಳಿಯೇ ಬಿಸಿ. ಲ್ಯಾಪ್‌ಟಾಪ್‌ನ ಹಿಂಭಾಗ ಎರಡು ಬೆರಳಿನಷ್ಟು ಎತ್ತರಿಸಿಟ್ಟರೆ ಮತ್ತು ವರ್ಷಕ್ಕೆರಡು ಸಲ ಫ್ಯಾನಿನ ದೂಳು ಊದಿದರೆ ಡ್ರೈವಿಗೂ ಅದರ ಪಾಲು ತಂಪು ಸಿಗುತ್ತದೆ. ಬ್ಯಾಗಿಗೆ ಹಾಕುವ ಮುಂಚೆ ಸ್ಲೀಪ್ ಬೇಡ, ಹೈಬರ್ನೇಟ್ ಮಾಡಿ. ಈಗಿನ ಲ್ಯಾಪ್‌ಟಾಪ್‌ಗಳು ಸ್ಲೀಪ್‌ನಲ್ಲೂ ಅರೆಗಣ್ಣು ತೆರೆದೇ ಇರುತ್ತವೆ, ಮುಚ್ಚಿದ ಬ್ಯಾಗಿನೊಳಗೆ ಕಾಯುತ್ತಾ ಕೂರುತ್ತವೆ.

ಡಿವೈಸ್ ಮ್ಯಾನೇಜರ್‌ನಲ್ಲಿ ವಿಂಡೋಸ್‌ನ ಬಫರ್ ಫ್ಲಶಿಂಗ್ (ಕಾದಿರುವ ಡೇಟಾವನ್ನು ಡ್ರೈವಿಗೆ ಬರೆಸಿಬಿಡುವುದು) ಆಫ್ ಮಾಡುವ ಒಂದು ಟಿಕ್ ಇದೆ. ವೇಗ ಹೆಚ್ಚಿಸುವ ಗುಟ್ಟು ಎಂದು ಅದನ್ನು ಹೇಳಿಕೊಡುವವರಿದ್ದಾರೆ. ಯಂತ್ರ ಹಠಾತ್ತಾಗಿ ಆರಿದ ದಿನ ಅರ್ಧ ಬರೆದ ಫೈಲ್ ಹೋಗುತ್ತದೆ. ಮುಟ್ಟಬೇಡಿ. ಮ್ಯಾಜಿಷಿಯನ್‌ನ ಫುಲ್ ಪವರ್ ಮೋಡ್ ಕೂಡ ಲ್ಯಾಪ್‌ಟಾಪ್‌ಗೆ ಬೇಡ, ಅದು ಬ್ಯಾಟರಿ ತಿಂದು ಬಿಸಿ ಕೊಡುತ್ತದೆ ಅಷ್ಟೇ.

ಯಾರಿಗೆ ಯಾವುದು

ಈಗಾಗಲೇ ಡಿರ್‍ಯಾಮ್ ಇರುವ ಒಳ್ಳೆಯ ಜೆನ್ 3 ಡ್ರೈವ್ ಇದ್ದು ಜಾಗವೂ ಸಾಕಷ್ಟಿದ್ದರೆ ಬರಿ ವೇಗಕ್ಕೆಂದು ಬದಲಿಸಬೇಡಿ, ಆ ದುಡ್ಡಿಗೆ ರ್‍ಯಾಮ್ ಹಾಕಿಸಿ. ಲ್ಯಾಪ್‌ಟಾಪ್ ಜೊತೆ ಬಂದ 512 ಜಿಬಿ ಡ್ರೈವ್ ತುಂಬಿ ಏದುಸಿರು ಬಿಡುತ್ತಿದ್ದರೆ 2 ಟಿಬಿ 990 ಪ್ರೊ ಧಾರಾಳವಾಗಿ ಕೊಳ್ಳಬಹುದು. 1 ಟಿಬಿ ಮಾದರಿಯಲ್ಲಿ ಕ್ಯಾಶ್ 114 ಜಿಬಿ, ಗ್ಯಾರಂಟಿ 600 ಟಿಬಿ; ವರ್ಕ್‌ಸ್ಟೇಷನ್‌ಗೆ ಅದು ಇಕ್ಕಟ್ಟು. ಬೇರೆ ಬೇರೆ ಕ್ಯಾಮೆರಾಗಳ ಫುಟೇಜ್ ಒಂದೇ ಸಲ ಟೈಮ್‌ಲೈನ್‌ಗೆ ಎಳೆಯುವವರು, ಹತ್ತಾರು ವರ್ಚುವಲ್ ಮಷೀನ್ ಇಟ್ಟುಕೊಂಡವರು 4 ಟಿಬಿಗೆ ಹೋಗಲಿ: 442 ಜಿಬಿ ಕ್ಯಾಶ್, 2,400 ಟಿಬಿ ಗ್ಯಾರಂಟಿ.

ಹೊರತೆಗೆದ ಹಳೆಯ ಡ್ರೈವನ್ನು ಕೂಡಲೇ ಮಾರಬೇಡಿ, ಅಳಿಸಲೂ ಬೇಡಿ. ಒಂದು ತಿಂಗಳು ಹಾಗೇ ಇರಲಿ, ಕ್ಲೋನ್‌ನಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಆಮೇಲೂ ಲ್ಯಾಪ್‌ಟಾಪ್‌ನ ಗ್ಯಾರಂಟಿ ಮುಗಿಯುವ ತನಕ ಸ್ಥಿರ ವಿದ್ಯುತ್ ತಡೆಯುವ ಕವರ್‌ನಲ್ಲಿ ಹಾಕಿ, ಮೇಲೆ ತಾರೀಕು ಬರೆದು ಬೀರುವಿನಲ್ಲಿಡಿ. ಲ್ಯಾಪ್‌ಟಾಪ್ ಸರ್ವಿಸ್ ಸೆಂಟರ್‌ಗೆ ಹೋಗುವ ದಿನ ನಿಮ್ಮ 2 ಟಿಬಿಯನ್ನು ಮನೆಯಲ್ಲಿಟ್ಟು, ಆ 512 ಹಾಕಿ ಕಳಿಸಬಹುದು.